ಸ್ಟೂಲಿನ ಮೇಲೆ ಕುಳಿತವಳು

ನಮ್ಮ ಅಡುಗೆಮನೆಯಲ್ಲಿ ಕಳೆದ ಜೂನಿನಿಂದ ಒಂದು ಸ್ಟೂಲು ಇದೆ. ಮರದ್ದು. ಒರಗಲು ಬೆನ್ನಿಲ್ಲ, ಕೈಯಿಡಲು ತೋಳಿಲ್ಲ. ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಡದಿದ್ದರೆ ಕೂತವರು ಸಣ್ಣಗೆ ತೂಗುತ್ತಿರುತ್ತಾರೆ. ನಾನು ಕಲಿಸುವ ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಹೊಸ ಪ್ಲಾಸ್ಟಿಕ್ ಕುರ್ಚಿಗಳು ಬಂದಾಗ ಹಳೆಯ ಸ್ಟೂಲುಗಳನ್ನೆಲ್ಲ ಗುಜರಿಗೆ ಹಾಕುವುದೆಂದಾಯಿತು. ನಾನು ಹೆಡ್ಮಾಸ್ತರ ಹತ್ತಿರ ಹೋಗಿ, “ಸರ್, ಒಂದು ನನಗೆ ಬೇಕಿತ್ತು” ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಎಂತದಕ್ಕೆ ಟೀಚರ್? ಅದರಲ್ಲಿ ಕೂತ್ರೆ ಬೀಳ್ತೀರಿ” ಎಂದರು. ಬೀಳುವುದಿಲ್ಲ ಎಂದು ಹೊತ್ತುಕೊಂಡೇ ಬಂದೆ. ನರಿಮೊಗರಿನ ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೇಟು ಹರಿಯಲು ನೋಡಿದ. ನಾನು ಅದರ ಮೇಲೆಯೇ ಕೂತುಬಿಟ್ಟೆ, ಅವನು ಮುಂದಿನ ಸೀಟಿನವರ ಹತ್ತಿರ ಹೋದ.

ಮನೆಯಲ್ಲಿ ಇವರ ವರಾತ ಬೇರೆ. “ಎಂತದು ಮಾರಾಯ್ತಿ ಇದು? ಮನೆಯಲ್ಲಿ ಕೂರ್ಲಿಕ್ಕೆ ಕುರ್ಚಿ ಇಲ್ವಾ?” ಎಂದು ಕೇಳಿದರು. ಹಾಲಿನ ಪಾತ್ರೆ ಇಡಲಿಕ್ಕೆ ಎಂದೆ. ಇವತ್ತಿನವರೆಗೆ ಅದರ ಮೇಲೆ ಹಾಲಿನ ಪಾತ್ರೆ ಇಟ್ಟಿಲ್ಲ. ಕಣ್ಣೆದುರಿಗೆ ಸುಳ್ಳು ಹೇಳಿ ಮುಖ ಗಟ್ಟಿಮಾಡಿಕೊಂಡು ನಿಲ್ಲುವುದು ನನಗೆ ಹಳೆಯ ಅಭ್ಯಾಸ. ಆ ಅಭ್ಯಾಸ ಹತ್ತಿದ್ದೂ ಇಂಥದೇ ಒಂದು ಸ್ಟೂಲಿನ ದೆಸೆಯಿಂದ.

ನನ್ನ ಕ್ಲಾಸಿನ ಮಕ್ಕಳು ನನ್ನನ್ನು ಬೆನ್ನ ಹಿಂದೆ ‘ಹತ್ತು ನಿಮಿಷದ ಟೀಚರ್’ ಎನ್ನುತ್ತಾರೆ. ನನಗೆ ಗೊತ್ತಿಲ್ಲವೆಂದು ಅವರು ತಿಳಿದುಕೊಂಡಿದ್ದಾರೆ. ನಮ್ಮಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಹತ್ತು ನಿಮಿಷವಾದ ಕೂಡಲೇ ನಾನು ಸ್ಟೀಲಿನ ಲೋಟಕ್ಕೆ ಚಮಚದಲ್ಲಿ ಬಡಿಯುತ್ತೇನೆ. ಕೀಬೋರ್ಡಿನ ಎದುರು ಕೂತವರು ಎದ್ದು ಪಕ್ಕಕ್ಕೆ, ಪಕ್ಕದವರು ಎದುರಿಗೆ. ಅರ್ಧ ಒತ್ತಿದ ಅಕ್ಷರವಿದ್ದರೂ ಸರಿ, ಏಳಬೇಕು. “ಟೀಚರ್, ಒಂದೇ ಒಂದು ನಿಮಿಷ” ಎಂದು ಗೋಗರೆಯುತ್ತಾರೆ. ನಾನು ಕಿವುಡಿಯಾಗುತ್ತೇನೆ. ಉಳಿದ ವಿಷಯಗಳಲ್ಲಿ ನಾನು ಬಹಳ ಪಾಪದ ಟೀಚರು. ಈ ಒಂದು ವಿಷಯದಲ್ಲಿ ಮಾತ್ರ ರಾಕ್ಷಸಿ ಎಂದು ಒಂಬತ್ತನೆಯ ಕ್ಲಾಸಿನ ಒಬ್ಬಳು ಬೆಂಚಿನ ಮೇಲೆ ಕೆತ್ತಿದ್ದಾಳೆ. ಓದಿ ಸಿಟ್ಟು ಬರಲಿಲ್ಲ.

ನಾನು ಪುತ್ತೂರಿನಲ್ಲಿ ಕಾಲೇಜಿಗೆ ಸೇರಿದ್ದು ಕಂಪ್ಯೂಟರಿನ ಮೇಲಿನ ಪ್ರೀತಿಯಿಂದ ಖಂಡಿತ ಅಲ್ಲ. ನಮ್ಮದು ಸಂಪಾಜೆಯ ಕಡೆ. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು. ಇಂಗ್ಲಿಷು ಪರೀಕ್ಷೆಯ ಮುಂಚಿನ ವಾರ ಮಾತ್ರ. ಪುತ್ತೂರಿನ ಪಕ್ಕದ ನರಿಮೊಗರಿನಲ್ಲಿದ್ದ ಚಿಕ್ಕಮ್ಮ, “ನಮ್ಮಲ್ಲಿ ನಿಂತು ಓದಲಿ, ಈಗೆಲ್ಲ ಕಂಪ್ಯೂಟರೇ ಅಲ್ವಾ” ಎಂದಳು. ಕಂಪ್ಯೂಟರೇ ಅಂದರೆ ಎಂತ ಎಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ, ಆದ್ದರಿಂದ ಯಾರೂ ಬೇಡ ಎನ್ನಲಿಲ್ಲ. ಅಜ್ಜ ಮಾತ್ರ, ಅದರಲ್ಲಿ ಕೈಗೆ ಕರೆಂಟು ಹೊಡೆಯುತ್ತದೆಯೋ ಎಂದು ವಿಚಾರಿಸಿದರು. ಆ ಹೆದರಿಕೆ ನನಗೂ ಇತ್ತು. ಕೇಳಲು ಮರ್ಯಾದೆ ಅಡ್ಡಬಂದಿತ್ತು, ಅಷ್ಟೇ.

ಲ್ಯಾಬಿನ ಹೊರಗೆ ಚಪ್ಪಲಿ ಬಿಡಬೇಕು. ಈಗಿನವರಿಗೆ ಇದು ನಗು ಬರಿಸಬಹುದು, ಆಗ ನಮಗೆ ಅದು ಸಹಜವಾಗಿ ಕಂಡಿತ್ತು. ಒಳಗೆ ಪ್ರತಿಯೊಂದು ಕಂಪ್ಯೂಟರಿಗೂ ಬಟ್ಟೆಯ ಮುಸುಕು, ನೆಲಕ್ಕೆ ಚಾಪೆ, ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಬೋರ್ಡು. ಮೊದಲ ದಿನ ನಾವು ನಲವತ್ತು ಜನ ಹುಡುಗ ಹುಡುಗಿಯರು ಬರಿಗಾಲಿನಲ್ಲಿ ಸಾಲಾಗಿ ಒಳಗೆ ಹೋದೆವು. ಒಬ್ಬ ಹುಡುಗ ಅಭ್ಯಾಸಬಲದಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಅವನನ್ನು ಮೂರು ವರ್ಷ ಎಲ್ಲರೂ ಭಟ್ರೇ ಎಂದು ಕರೆದರು.

ಕಂಪ್ಯೂಟರು ಇಪ್ಪತ್ತು. ಪ್ರತಿಯೊಂದರ ಎದುರು ಒಂದು ಕುರ್ಚಿ, ಪಕ್ಕದಲ್ಲಿ ಒಂದು ಸ್ಟೂಲು. ಯಾರು ಎಲ್ಲಿ ಕೂರಬೇಕೆಂದು ಮೇಡಂ ಹೇಳಲಿಲ್ಲ. ನನ್ನ ಜೊತೆಗೆ ಬಂದದ್ದು ಈಶ್ವರಮಂಗಲದಿಂದ ಬರುತ್ತಿದ್ದ ವಾರಿಜ. ಆ ದಿನ ಅವಳ ಚಪ್ಪಲಿಯ ಪಟ್ಟಿ ಕಿತ್ತು ಪಿನ್ನು ಹಾಕಿತ್ತು. ಅವಳು ಬಗ್ಗಿ ಪಿನ್ನು ಬಿಚ್ಚಿ ಒಳಗೆ ಬರುವಷ್ಟರಲ್ಲಿ ನಾನು ಕುರ್ಚಿಯಲ್ಲಿ ಕೂತಾಗಿತ್ತು. ಅವಳು ಬಂದು ಸ್ಟೂಲಿನ ಮೇಲೆ ಕೂತಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಇಷ್ಟೇ ನಡೆದದ್ದು. ಕೂತ ಜಾಗ ಕೂತವರದ್ದು ಎಂಬುದು ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ ಹೇಗೋ ಲ್ಯಾಬಿನಲ್ಲಿಯೂ ಹಾಗೆಯೇ ಎಂದು ನಾವು ತಿಳಿದೆವು. ಮರುದಿನವೂ ಅವಳು ನೇರ ಸ್ಟೂಲಿಗೇ ಹೋದಳು.

ಪ್ರೋಗ್ರಾಮಿಂಗ್ ಎಂದು ಮೇಡಂ ಕಲಿಸತೊಡಗಿದರು. ಒಳ್ಳೆಯ ಮೇಡಂ, ಹೊಸದಾಗಿ ಕೆಲಸಕ್ಕೆ ಸೇರಿದವರು, ಇಂಗ್ಲಿಷು ಮಾತ್ರ ಹೊಳೆಯ ಹಾಗೆ ಹರಿಯುತ್ತಿತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಲೂಪ್ ಎಂದರು, ಲೂಪಿನೊಳಗೆ ಲೂಪ್ ಎಂದರು. ಬೋರ್ಡಿನ ಮೇಲೆ ನಕ್ಷತ್ರಗಳ ಮೆಟ್ಟಿಲು ಬರೆದು, ಇದನ್ನು ಕಂಪ್ಯೂಟರಿನಿಂದ ಬರೆಸಬೇಕು ಎಂದರು. ನಾನೇ ಬರೆದುಕೊಡುತ್ತೇನಲ್ಲ, ಅದಕ್ಕೆ ಕಂಪ್ಯೂಟರು ಯಾಕೆ ಎಂದು ನನಗೆ ಅನಿಸಿತು. ಹೊರಗೆ ಬಂದು ಗೊಣಗಿದೆ. ವಾರಿಜ ನಕ್ಕಳು.

“ಇದು ನಮ್ಮ ಮನೆಯಲ್ಲಿ ದಿನಾ ಉಂಟಲ್ಲ ಮಾರಾಯ್ತಿ” ಎಂದಳು.

“ಎಂತ ಉಂಟು?”

“ಲೂಪಿನೊಳಗೆ ಲೂಪು. ಎಲೆ ತೆಗಿ, ಅಳತೆಯ ತಗಡು ಇಟ್ಟು ಕತ್ತರಿಸು, ಹೊಗೆಸೊಪ್ಪು ಹಾಕು, ಸುತ್ತು, ನೂಲು ಕಟ್ಟು. ಪುನಃ ಎಲೆ ತೆಗಿ. ಇಪ್ಪತ್ತೈದು ಆಗುವವರೆಗೆ ಇದೇ. ಇಪ್ಪತ್ತೈದು ಆದ್ರೆ ಒಂದು ಕಟ್ಟು. ಕಟ್ಟು ಆದ ಮೇಲೆ ಪುನಃ ಲೆಕ್ಕ ಮೊದಲಿನಿಂದ ಶುರು. ಹಾಗೆ ನಲವತ್ತು ಕಟ್ಟು. ಒಳಗಿನ ಲೂಪು ಇಪ್ಪತ್ತೈದು, ಹೊರಗಿನದ್ದು ನಲವತ್ತು. ಇಷ್ಟೇ.”

ವಾರಿಜ, ಅವಳ ಅಮ್ಮ, ಅಜ್ಜಿ, ಮೂವರೂ ಬೀಡಿ ಕಟ್ಟುವವರು. ಅಪ್ಪ ಇರಲಿಲ್ಲ. ಅವಳು ಬೆಳಿಗ್ಗೆ ಬಸ್ಸಿಗೆ ಮುಂಚೆ ಎಂಟು ಕಟ್ಟು, ಸಂಜೆ ಹೋಗಿ ಹನ್ನೆರಡು ಕಟ್ಟು ಮುಗಿಸುತ್ತಿದ್ದಳು. ಲ್ಯಾಬಿನಲ್ಲಿ ನನ್ನ ಪಕ್ಕ ಬಾಗಿದಾಗ ಅವಳ ಕೈಯಿಂದ ಹೊಗೆಸೊಪ್ಪಿನ ಸಣ್ಣ ಘಾಟು ಬರುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಕೈ ಮಡಿಲಿನಲ್ಲಿರುತ್ತಿದ್ದದ್ದು ಅದಕ್ಕೂ ಇರಬಹುದು. ಆಗ ನಾನು ಇದನ್ನೆಲ್ಲ ಯೋಚಿಸಿದವಳಲ್ಲ.

ಆ ದಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಬೀಡಿಯ ಕಟ್ಟಿನಲ್ಲಿ ನನಗೆ ಲೂಪು ಅರ್ಥ ಮಾಡಿಸಿದಳು. ಆಮೇಲೆ ಎಲ್ಲ ಹಾಗೆಯೇ ನಡೆಯಿತು. ಮೇಡಂ ಇಂಗ್ಲಿಷಿನಲ್ಲಿ ಹೇಳಿದ್ದನ್ನು ವಾರಿಜ ಒಲೆಯ ಬುಡಕ್ಕೋ ಬಾವಿಯ ಕಟ್ಟೆಗೋ ತಂದು ಹಾಕುವಳು, ಅಲ್ಲಿಂದ ನಾನು ಎತ್ತಿಕೊಳ್ಳುವೆ. ಒಂದು ಸಲ ಮೇಡಂ, ಸಾಲಿನಲ್ಲಿಟ್ಟ ವಸ್ತುಗಳನ್ನು ಕಂಪ್ಯೂಟರು ಎಣಿಸುವಾಗ ಮೊದಲನೆಯದಕ್ಕೆ ಸೊನ್ನೆ ಎನ್ನುತ್ತದೆ, ಒಂದು ಎನ್ನುವುದಿಲ್ಲ ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ವಾರಿಜ ನನ್ನ ಕಿವಿಯಲ್ಲಿ, “ಭತ್ತ ಅಳೆಯುವಾಗ ಮೊದಲಿನದ್ದಕ್ಕೆ ಒಂದು ಅಂತ ಹೇಳ್ಲಿಕ್ಕುಂಟಾ? ಲಾಭ ಅಂತಲ್ವಾ ಹೇಳುದು?” ಎಂದಳು.

ನನಗೆ ನಮ್ಮ ಅಜ್ಜ ಕಣ್ಣಿಗೆ ಕಟ್ಟಿದರು. ಮೊಣಕಾಲೂರಿ ಕೂತು ಸೇರಿನಲ್ಲಿ ಅಳೆಯುತ್ತ ಮೊದಲ ಸೇರಿಗೆ “ಲಾಭ” ಎಂದು ಎಳೆದು ಹೇಳುವರು, ಆಮೇಲೆ “ಎರಡು”. ಒಂದು ಎಲ್ಲಿ ಹೋಯಿತು ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಒಂದು ಎಂದರೆ ಒಂದಕ್ಕೇ ನಿಲ್ಲುತ್ತದೆ, ಅದನ್ನು ಬಾಯಿಬಿಟ್ಟು ಹೇಳಬಾರದು ಎಂದಿದ್ದರು. ನಾನು ಹಟಕ್ಕೆ ಬಿದ್ದು ಗಟ್ಟಿಯಾಗಿ “ಒಂದು” ಎಂದು ಕೂಗಿ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡಿದ್ದೆ. ಆ ವರ್ಷ ಭತ್ತ ಕಡಿಮೆಯಾದದ್ದಕ್ಕೆ ಬಹಳ ದಿನ ನಾನೇ ಕಾರಣ ಎಂದು ಹೆದರಿಕೊಂಡಿದ್ದೆ.

ಮೇಡಂ, “ಯಾಕೆ ನಗ್ತೀರಿ? ಯಾರಾದ್ರೂ ಒಂದು ಉದಾಹರಣೆ ಕೊಡಿ” ಎಂದರು. ನಾನು ವಾರಿಜಳನ್ನು ತಿವಿದೆ. ಅವಳು ಏಳಲಿಲ್ಲ. ನಾನು ಎದ್ದೆ, ಅಜ್ಜನ ಲಾಭದ ಕತೆ ಹೇಳಿದೆ. ಮೇಡಂ ಬಹಳ ಸಂತೋಷಪಟ್ಟು, “ವೆರಿ ಗುಡ್ ಹೇಮಾ” ಎಂದರು. ಅಜ್ಜ ನನ್ನವರೇ ನಿಜ, ಆದರೆ ಅವರನ್ನು ಅಲ್ಲಿಗೆ ಕರೆತಂದವಳು ವಾರಿಜ. ನಾನು ಕೂರುವಾಗ ಅವಳ ಕಡೆ ನೋಡಲಿಲ್ಲ.

ಲ್ಯಾಬು ಎರಡರಿಂದ ನಾಲ್ಕರವರೆಗೆ. ಈಶ್ವರಮಂಗಲಕ್ಕೆ ಅವಳ ಬಸ್ಸು ನಾಲ್ಕೂಹತ್ತಕ್ಕೆ. ಅದು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲು, ಹನ್ನೆರಡು ಕಟ್ಟು ಬಾಕಿ. ಆದ್ದರಿಂದ ನಮಗೆ ಪ್ರತಿದಿನ ಅವಸರ. “ನೀನು ಹೇಳು, ನಾನು ಒತ್ತುತ್ತೇನೆ” ಎನ್ನುತ್ತಿದ್ದೆ. ಅವಳು ಹೇಳುವಳು, ನಾನು ಒತ್ತುವೆ. ಎಲ್ಲಿ ತಪ್ಪಿತು ಎಂದು ಪರದೆ ನೋಡಿ ಅವಳೇ ಹಿಡಿಯುವಳು. ತಿದ್ದುವುದು ನಾನು. ಮೊದಲು ಒಂದೊಂದು ಅಕ್ಷರಕ್ಕೂ ಹುಡುಕಾಡುತ್ತಿದ್ದವಳು ಎರಡು ತಿಂಗಳಲ್ಲಿ ಕೀಬೋರ್ಡು ನೋಡದೆ ಒತ್ತುವಷ್ಟು ಪಳಗಿದೆ. ಪಟಪಟ ಸದ್ದು ಕೇಳಿ ಆಚೀಚಿನವರು ತಿರುಗಿ ನೋಡುವಾಗ ಖುಷಿಯಾಗುತ್ತಿತ್ತು. ಹೌದು, ಬಹಳ ಖುಷಿಯಾಗುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೆಸರು ಒಬ್ಬಳಿಗೆ, ಮೊಸರು ಒಬ್ಬಳಿಗೆ.

ಒಂದು ದಿನ ಅವಳು, “ಹೇಮಾ, ಇವತ್ತು ನಾನು ಒಮ್ಮೆ ಒತ್ಲಾ?” ಎಂದು ಕೇಳಿದಳು.

ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. “ಬಸ್ಸು ಹೋಗ್ತದೆ ಮಾರಾಯ್ತಿ. ನಾಳೆ ಒತ್ತು” ಎಂದೆ.

“ಹ್ಞಾಂ, ನಾಳೆ” ಎಂದಳು.

ನಾಳೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅದರ ಮುಂದಿನ ವಾರ ಒಮ್ಮೆ ಕೇಳಿದಳು, ಆಗಲೂ ನನ್ನ ಬಾಯಲ್ಲಿ ಬಸ್ಸು ಬಂತು. ಬಸ್ಸಿಗೆ ಆ ದಿನ ಇನ್ನೂ ಮುಕ್ಕಾಲು ಗಂಟೆಯಿತ್ತು. ಅವಳೂ ಗಡಿಯಾರ ನೋಡಿದಳು. ಮೂರನೆಯ ಸಲ ಅವಳು ಕೇಳಿದ ನೆನಪು ನನಗಿಲ್ಲ.

ಪರೀಕ್ಷೆ ಬಂತು. ವಾರಿಜಳಿಗೆ ಮನೆಯಲ್ಲಿ ಒಂದು ಮಾತಾಗಿತ್ತು. ಎಲ್ಲ ವಿಷಯ ಪಾಸಾದರೆ ಕಾಲೇಜು ಮುಂದೆ, ಒಂದು ಹೋದರೂ ಕಾಲೇಜು ಸಾಕು, ತಡ್ಪೆಯ ಮುಂದೆ ಕೂರುವುದು. ತಡ್ಪೆ ಎಂದರೆ ಮೊರ. ಬೀಡಿ ಕಟ್ಟುವವರು ಎಲೆ, ಹೊಗೆಸೊಪ್ಪು ಎಲ್ಲವನ್ನೂ ಅದರಲ್ಲಿಟ್ಟು ಮಡಿಲ ಮೇಲೆ ಇಟ್ಟುಕೊಳ್ಳುತ್ತಾರೆ. ಅವಳ ಅಮ್ಮ ಕೆಟ್ಟವರಲ್ಲ. ಬೆನ್ನು ಬಾಗಿ ನೆಟ್ಟಗಾಗದ ಹೆಂಗಸು, ಇನ್ನೊಂದು ಜೊತೆ ಕೈ ಬೇಕಾಗಿತ್ತು. ವಾರಿಜ ನನಗೆ ಇದನ್ನು ಹೇಳಿದ್ದು ನಗುತ್ತಲೇ. “ನನಗೆ ಒಂದೂ ಹೋಗುದಿಲ್ಲ ಬಿಡು. ಎಲ್ಲಾ ಬರ್ತದೆ ನನಗೆ” ಎಂದಿದ್ದಳು. ನಿಜ, ಎಲ್ಲ ಬರುತ್ತಿತ್ತು.

ಲ್ಯಾಬಿನ ಪರೀಕ್ಷೆಯಲ್ಲಿ ಒಂದು ಕಂಪ್ಯೂಟರಿಗೆ ಒಬ್ಬರೇ, ಆದ್ದರಿಂದ ಇಪ್ಪತ್ತಿಪ್ಪತ್ತು ಜನರ ಎರಡು ತಂಡ; ನಾವಿಬ್ಬರೂ ಒಂದೇ ತಂಡದಲ್ಲಿ. ಆ ದಿನ ಸ್ಟೂಲುಗಳನ್ನೆಲ್ಲ ಹೊರಗೆ ಚಪ್ಪಲಿಯ ಪಕ್ಕ ಪೇರಿಸಿಟ್ಟಿದ್ದರು. ಹೊರಗಿನಿಂದ ಬಂದ ಪರೀಕ್ಷಕರು, ದಪ್ಪ ಮೀಸೆಯವರು, ಮೇಜಿನ ಮೇಲೆ ಚೀಟಿ ಹರಡಿದರು. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನು ಮೊದಲು ಕಾಗದದಲ್ಲಿ ಬರೆದು ತೋರಿಸಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಒತ್ತಿ ಓಡಿಸಬೇಕು. ವಾರಿಜಳಿಗೆ ನಕ್ಷತ್ರದ ಮೆಟ್ಟಿಲು ಬಂತು, ಅದೇ ಬೀಡಿಕಟ್ಟಿನ ಲೂಪು. ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಎಲ್ಲರಿಗಿಂತ ಮೊದಲು ಬರೆದುಕೊಟ್ಟಳು. ಪರೀಕ್ಷಕರು ಓದಿ ತಲೆಯಾಡಿಸಿ, ಹೋಗಿ ಓಡಿಸು ಎಂದರು.

ಅವಳ ಕಂಪ್ಯೂಟರು ನನ್ನ ಎದುರು ಸಾಲಿನಲ್ಲಿ. ಆಗಿನ ಆ ದೊಡ್ಡ ಹೊಟ್ಟೆಯ ಎರಡು ಪರದೆಗಳ ನಡುವಿನ ಸಂದಿಯಲ್ಲಿ ಅವಳ ಮುಖ, ಕೈ ನನಗೆ ಕಾಣುತ್ತಿತ್ತು. ನನಗೆ ಬಂದ ಪ್ರೋಗ್ರಾಮು ನನಗೆ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಅದನ್ನು ಹೇಳುತ್ತಿದ್ದ ವಾರಿಜಳ ಧ್ವನಿ ಕಿವಿಯಲ್ಲಿತ್ತು. ಎಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳು ಎನ್ನುವುದೂ ನೆನಪಿತ್ತು. ಆ ಧ್ವನಿ ಹೇಳಿದ ಹಾಗೆ ಬರೆದೆ, ಆ ಧ್ವನಿ ಹೇಳಿದ ಹಾಗೆ ಒತ್ತಿದೆ. ಓಡಿತು.

ಎದುರಿನಿಂದ ಸದ್ದೇ ಇಲ್ಲ. ಟಕ್. ಬಹಳ ಹೊತ್ತು ಮೌನ. ಪುನಃ ಟಕ್.

ನಾವು ಕಲಿತ ಆ ಭಾಷೆಯಲ್ಲಿ ಪ್ರತಿ ಪ್ರೋಗ್ರಾಮಿನ ಮೊಟ್ಟಮೊದಲು ಒಂದು ಗುರುತು ಹಾಕಬೇಕು. ಎರಡು ಅಡ್ಡಗೆರೆ, ಎರಡು ಉದ್ದಗೆರೆ, ಸಣ್ಣ ಬೇಲಿಯ ಹಾಗಿನದು. ಕೀಬೋರ್ಡಿನಲ್ಲಿ ಅದು ಮೂರರ ಕೀಲಿಯ ಮೇಲ್ಭಾಗದಲ್ಲಿದೆ. ಬರಿದೇ ಒತ್ತಿದರೆ ಮೂರು ಬರುತ್ತದೆ. ಶಿಫ್ಟ್ ಎಂಬ ಕೀಲಿಯನ್ನು ಜೊತೆಗೆ ಹಿಡಿದು ಒತ್ತಿದರೆ ಮೇಲಿನದ್ದು ಬರುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಒತ್ತುವವರಿಗೆ ಮೊದಲ ದಿನವೇ ಗೊತ್ತಾಗಿಬಿಡುತ್ತದೆ. ವಾರಿಜ ನನಗೆ ಆ ಗುರುತನ್ನು ನೂರು ಸಲ ಹೇಳಿರಬಹುದು. ನನ್ನ ಎಡಗೈಯ ಕಿರುಬೆರಳು ಮೂಲೆಯಲ್ಲಿ ಎಂತ ಮಾಡುತ್ತಿತ್ತೆಂದು ಪಕ್ಕದ ಸ್ಟೂಲಿನಿಂದ ಕಾಣುತ್ತಿರಲಿಲ್ಲ. ಅವಳು ಪರದೆ ನೋಡುತ್ತಿದ್ದಳು, ತಪ್ಪು ಹಿಡಿಯಲಿಕ್ಕೆ.

ಅವಳು ಮೂರು ಒತ್ತಿದಳು, ಅಳಿಸಿದಳು. ಮತ್ತೆ ಒತ್ತಿದಳು, ಅಳಿಸಿದಳು. ಆಮೇಲೆ ಮುಖ ಎತ್ತಿ ಸಂದಿಯಲ್ಲಿ ನನ್ನನ್ನು ನೋಡಿದಳು. ಎಡಗೈಯ ಎರಡು ಬೆರಳುಗಳ ಮೇಲೆ ಬಲಗೈಯ ಎರಡು ಬೆರಳನ್ನು ಅಡ್ಡ ಇಟ್ಟು ತೋರಿಸಿದಳು. ಬೇಲಿ. ಹುಬ್ಬು ಮೇಲೆತ್ತಿ, ಹೇಗೆ ಎಂದು ಕೇಳಿದಳು.

ನನಗೆ ಕೂಡಲೇ ಅರ್ಥವಾಯಿತು. ಒಂದು ಶಬ್ದ ಸಾಕಿತ್ತು. ಶಬ್ದವೂ ಬೇಡ, ಕಿರುಬೆರಳೆತ್ತಿ ಕೀಬೋರ್ಡಿನ ಮೂಲೆಯ ಕಡೆ ತೋರಿಸಿದ್ದರೆ ಸಾಕಿತ್ತು. ಪರೀಕ್ಷಕರು ನಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದರು, ಬೆನ್ನು ಈ ಕಡೆಗಿತ್ತು. ನನ್ನ ಪ್ರೋಗ್ರಾಮು ಆಗಲೇ ಓಡಿತ್ತು, ಇಷ್ಟು ಸಿಕ್ಕಿದ್ದು ಈಗ ಹೋದರೆ ಎಂಬ ಭಯ. ನಾನು ತಲೆ ಬಗ್ಗಿಸಿದೆ. ಮುಗಿದಿದ್ದ ಪ್ರೋಗ್ರಾಮನ್ನು ತಿದ್ದುವವಳ ಹಾಗೆ ಸುಮ್ಮನೆ ಅಲ್ಲಿ ಇಲ್ಲಿ ಒತ್ತುತ್ತ ಕೂತೆ.

ಸಮಯ ಮುಗಿದಾಗ ಅವಳ ಪರದೆಯ ಮೇಲೆ ಎರಡೇ ಸಾಲು ಇತ್ತಂತೆ, ಮೊದಲನೆಯದು ಮೂರರಿಂದ ಶುರುವಾಗಿತ್ತಂತೆ. ನೀವು ಕೇಳಬಹುದು, ಅವಳು ಮೇಡಂ ಹತ್ತಿರ ಕೇಳಬಹುದಿತ್ತಲ್ಲ ಎಂದು. ನಾನೂ ಎಷ್ಟೋ ಸಲ ಹೀಗೆ ಕೇಳಿಕೊಂಡು ಸಮಾಧಾನಪಡಲು ನೋಡಿದ್ದೇನೆ. ಇಡೀ ವರ್ಷ ಲ್ಯಾಬಿನಲ್ಲಿ ಕೂತವಳು ಪರೀಕ್ಷೆಯ ದಿನ ಎದ್ದು ನಿಂತು, ಈ ಗುರುತು ಹೇಗೆ ಬರುವುದು ಎಂದು ಅಷ್ಟು ಜನರೆದುರು ಕೇಳುವುದು ಸುಲಭವಲ್ಲ. ಕರೆಂಟು ಹೊಡೆಯುತ್ತದೋ ಎಂದು ನಾನೂ ಕೇಳಿರಲಿಲ್ಲ.

ಫಲಿತಾಂಶ ಬಂತು. ಉಳಿದೆಲ್ಲ ವಿಷಯಗಳಲ್ಲಿ ವಾರಿಜಳಿಗೆ ನನಗಿಂತ ಹೆಚ್ಚು. ಲ್ಯಾಬಿನಲ್ಲಿ ಫೇಲು. ಕಾಲೇಜು ಪುನಃ ಶುರುವಾದಾಗ ನನ್ನ ಪಕ್ಕದ ಸ್ಟೂಲು ಖಾಲಿಯಿತ್ತು. ಒಂದು ವಾರ ಕಾದೆ. ಅವಳ ಒಂದು ನೋಟ್ಸು ಪುಸ್ತಕ ನನ್ನಲ್ಲಿ ಉಳಿದಿತ್ತು. ಅದನ್ನು ಕೊಡುವ ನೆವದಲ್ಲಿ ಒಂದು ಭಾನುವಾರ ಈಶ್ವರಮಂಗಲಕ್ಕೆ ಹೋದೆ.

ಜಗಲಿಯಲ್ಲಿ ಮೂವರೂ ಸಾಲಾಗಿ ಕೂತಿದ್ದರು, ಮೂರು ಮಡಿಲಲ್ಲಿ ಮೂರು ತಡ್ಪೆ. ವಾರಿಜ ಬೀಡಿ ಕಟ್ಟುವುದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ನನ್ನ ಮೇಲೆ, ಮಾತು ನನ್ನ ಜೊತೆ, ಬೆರಳುಗಳ ಪಾಡಿಗೆ ಬೆರಳು. ಎಲೆ ಎತ್ತಿದ್ದು ಯಾವಾಗ, ಸುತ್ತಿದ್ದು ಯಾವಾಗ, ನೂಲು ಬಿದ್ದದ್ದು ಯಾವಾಗ ಎಂದು ತಿಳಿಯುತ್ತಿರಲಿಲ್ಲ. ಅಯ್ಯೋ ದೇವರೇ, ಈ ಬೆರಳುಗಳನ್ನೇ ನಾನು ಕೀಬೋರ್ಡು ಮುಟ್ಟಲು ಬಿಡದೆ ಇಟ್ಟದ್ದು ಎಂದುಕೊಳ್ಳುತ್ತ ನೋಟ್ಸು ಪುಸ್ತಕವನ್ನು ಜಗಲಿಯ ಅಂಚಿಗೆ ಇಟ್ಟೆ.

ಅವಳ ಅಮ್ಮ ಎದ್ದು ಬಂದು ಬೆನ್ನು ಹಿಡಿದುಕೊಂಡೇ ಚಾ ಕೊಟ್ಟರು. “ನೀನು ಪಾಸಾದೆಯಲ್ಲ ಮಗಾ, ಸಂತೋಷ” ಎಂದರು. ಅದರಲ್ಲಿ ಕುಹಕವಿರಲಿಲ್ಲ. “ಒಂದೇ ವಿಷಯ ಅಲ್ವಾ ಅಮ್ಮ, ಪುನಃ ಪರೀಕ್ಷೆ ಕಟ್ಟಿದ್ರೆ ಆಗ್ತದೆ” ಎಂದೆ. “ಮಾತು ಅಂದ್ರೆ ಮಾತು ಮಗಾ. ಅವಳೇ ಒಪ್ಪಿದ್ದು” ಎಂದು ತಮ್ಮ ತಡ್ಪೆಗೆ ಹೋದರು.

ವಾರಿಜ, “ಹೇಮಾ, ಆ ಬೇಲಿ ಬರುದು ಹೇಗೆ?” ಎಂದು ಕೇಳಿದಳು.

“ಎಡಗಡೆ ಮೂಲೆಯಲ್ಲಿ ಶಿಫ್ಟ್ ಅಂತ ಉಂಟು. ಅದನ್ನು ಹಿಡ್ಕೊಂಡು ಮೂರು ಒತ್ತುದು.”

“ಅಷ್ಟೆಯಾ?”

“ಅಷ್ಟೇ.”

ಅವಳು ಒಂದು ಬೀಡಿ ಮುಗಿಸಿದಳು. “ಮೇಲೆ ಉಂಟು ಅಂತ ಕಾಣ್ತಿತ್ತು. ಹತ್ತುದು ಎಲ್ಲಿಂದ ಅಂತ ಗೊತ್ತಾಗ್ಲಿಲ್ಲ” ಎಂದಳು. ಇನ್ನೊಂದು ಎಲೆ ತೆಗೆದಳು. ತಡ್ಪೆ ನೋಡುತ್ತಲೇ, “ನಾನು ಕೈಯಲ್ಲಿ ತೋರಿಸಿದ್ದು ನಿನಗೆ ಕಾಣ್ಲಿಲ್ವಾ?” ಎಂದು ಕೇಳಿದಳು.

“ಇಲ್ಲ ಮಾರಾಯ್ತಿ, ಕಾಣ್ಲೇ ಇಲ್ಲ” ಎಂದೆ.

“ಹ್ಞಾಂ” ಎಂದಳು. ಆ ಕಟ್ಟಿಗೆ ಇಪ್ಪತ್ತೈದು ಆಗಿತ್ತು. ನೂಲು ಸುತ್ತಿ ಪಕ್ಕಕ್ಕಿಟ್ಟಳು.

ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಡಿಗ್ರಿ ಮುಗಿಯಿತು, ಟೀಚರ್ ಕೆಲಸ ಸಿಕ್ಕಿತು, ಮದುವೆಯಾಗಿ ನರಿಮೊಗರಿನಲ್ಲೇ ಉಳಿದೆ. ಅವಳನ್ನು ಒಂದು ಸಲ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದೆ, ಸೊಂಟದಲ್ಲಿ ಮಗುವಿತ್ತು. ಕಂಬದ ಹಿಂದೆ ನಿಂತೆ. ನನ್ನಷ್ಟು ಅಗಲದ ಹೆಂಗಸನ್ನು ಮರೆಮಾಡುವ ಕಂಬ ಪುತ್ತೂರಿನಲ್ಲಿ ಇಲ್ಲ, ಆದರೂ ನಿಂತೆ. ಶಾಲೆಯಲ್ಲಿ ಮೊದಲ ದಿನವೇ ಲೋಟಕ್ಕೆ ಚಮಚ ಬಡಿಯಲು ಶುರುಮಾಡಿದ್ದೆ. ಪ್ರತಿ ವರ್ಷ ಮೊದಲ ಪಾಠ ಶಿಫ್ಟಿನದ್ದು. ಪ್ರತಿಯೊಬ್ಬರೂ ಬಂದು ಒತ್ತಿ ತೋರಿಸಬೇಕು. ಇದರಿಂದ ಯಾವುದೂ ಸರಿಯಾಗಲಿಲ್ಲ ಎಂದು ನನಗೆ ಗೊತ್ತು.

ಕಳೆದ ತಿಂಗಳು ಸೋಮವಾರದ ಸಂತೆಯಲ್ಲಿ ಒಬ್ಬಳು ತೊಂಡೆಕಾಯಿ ಆರಿಸುತ್ತಿದ್ದಳು. ಮುಖ ನೋಡುವ ಮೊದಲು ನಾನು ಬೆರಳು ನೋಡಿದೆ. ಅಡಗಲು ಕಂಬವಿರಲಿಲ್ಲ.

“ಹೇಮಾ ಅಲ್ವಾ?” ಎಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ನಗು ಹಾಗೆಯೇ ಇತ್ತು. ಮನೆಗೆ ಬಾ ಎಂದೆ. ಬಸ್ಸಿಗೆ ಸಮಯ ಉಂಟು ಎಂದು ಬಂದೇಬಿಟ್ಟಳು.

ಅಡುಗೆಮನೆಗೆ ಬಂದವಳು ಕುರ್ಚಿಯ ಕಡೆ ನೋಡಲೇ ಇಲ್ಲ, ನೇರ ಹೋಗಿ ಸ್ಟೂಲಿನ ಮೇಲೆ ಕೂತಳು. ಕೈ ಮಡಿಲಲ್ಲಿಟ್ಟುಕೊಂಡಳು. “ಇದು ನಮ್ಮ ಲ್ಯಾಬಿನದ್ದೇ ಹಾಗೆ ಉಂಟಲ್ಲ” ಎಂದು ಒಮ್ಮೆ ತೂಗಿ ನೋಡಿದಳು. ಈಗ ಬೀಡಿ ಇಲ್ಲವಂತೆ, ಊರಿನ ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ, ಸಂಜೆ ಕೆಲಸ. ಯಾರ ಹಾಲು ಎಷ್ಟು ಎಂದು ಕಂಪ್ಯೂಟರಿಗೆ ಹಾಕುವುದು ಅವಳೇ.

“ಶಿಫ್ಟನ್ನೂ ಒತ್ತುದು, ಎಲ್ಲವನ್ನೂ ಒತ್ತುದು ಈಗ” ಎಂದು ನಕ್ಕಳು.

ನಾನು ಒಲೆಯ ಮೇಲೆ ನೀರಿಟ್ಟು ಬೆನ್ನು ಹಾಕಿ ನಿಂತಿದ್ದೆ. ಅವಳು ನಕ್ಕದ್ದರಿಂದ ಸುಲಭವಾಗಬೇಕಿತ್ತು, ಆಗಲಿಲ್ಲ. ಗೋಡೆಗೆ ಹೇಳುವ ಹಾಗೆ ಹೇಳಿದೆ. “ವಾರಿಜ, ಅವತ್ತು ನೀನು ಕೈಯಲ್ಲಿ ತೋರಿಸಿದ್ದು ನನಗೆ ಕಂಡಿತ್ತು.”

“ಗೊತ್ತುಂಟು” ಎಂದಳು.

ತಿರುಗಿದೆ.

“ನೀನು ತಲೆ ಬಗ್ಗಿಸಿದ್ದಿ ಅಲ್ವಾ? ಕಾಣದವಳು ತಲೆ ಎಂತಕ್ಕೆ ಬಗ್ಗಿಸುದು?”

“ಮತ್ತೆ ಮನೆಗೆ ಬಂದಾಗ ಯಾಕೆ ಕೇಳಿದ್ದು?”

“ನೀನೇ ಹೇಳ್ತೀಯಾ ನೋಡುವ ಅಂತ. ಬಾಗಿಲಿಗೆ ಬಂದವಳ ಹತ್ತಿರ ಎರಡೆರಡು ಸಲ ಕೇಳುದು ಹೇಗೆ?” ಎಂದಳು.

ಚಾಪುಡಿಯ ಡಬ್ಬಿ ನನ್ನ ಕೈಯಿಂದ ಜಾರಿತು. ಕಟ್ಟೆಯ ಮೇಲೆಲ್ಲ ಪುಡಿ. ಡಬ್ಬಿ ಎತ್ತಿಕೊಂಡು ಬಳಿಯಲು ಹೋದರೆ ಇನ್ನಷ್ಟು ಚೆಲ್ಲಿತು. ವಾರಿಜ ಎದ್ದು ಬಂದಳು. ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿದಳು.

“ಕೂತ್ಕೊ ಅಲ್ಲಿ. ನೀನು ಹೇಳು, ನಾನು ಮಾಡ್ತೇನೆ” ಎಂದಳು.

ಸ್ಟೂಲಿನ ಮೇಲೆ ಕೂತೆ. ತಂದ ಮೇಲೆ ಅದರಲ್ಲಿ ನಾನು ಕೂತದ್ದು ಬಸ್ಸಿನಲ್ಲಿ ಒಮ್ಮೆ, ಈಗ ಒಮ್ಮೆ. ನನ್ನದೇ ಅಡುಗೆಮನೆಯಲ್ಲಿ ಅವಳ ಬೆರಳು ಒಂದು ಹರಳೂ ಬಿಡದೆ ಪುಡಿಯನ್ನು ಒಟ್ಟುಮಾಡಿತು, ಬೆಂಕಿ ಸಣ್ಣ ಮಾಡಿತು, ಹಾಲು ಹೊಯ್ದಿತು.

“ಸಕ್ಕರೆ ಎಲ್ಲುಂಟು?” ಎಂದು ಕೇಳಿದಳು.

“ಮೇಲಿನ ಹಲಗೆಯಲ್ಲಿ, ಎಡಗಡೆ ಮೂಲೆಯಲ್ಲಿ” ಎಂದೆ.

ಹೇಳಿದ ಮೇಲೆ ನನಗೆ ಮಾಡಲು ಏನೂ ಇರಲಿಲ್ಲ. ಒರಗಲು ಬೆನ್ನಿಲ್ಲ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೊನೆಗೆ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡೆ.